ಪದಕದ ಬೆನ್ನು ನೋಡಿ: ಸೋವಿಯತ್ ಬಿಲ್ಲೆಗಳ ಬಗ್ಗೆ ಎಂಟು ತಪ್ಪು ಕಲ್ಪನೆಗಳು

ಡೊಂಬಿವಲಿ, ಕಲ್ಯಾಣ, ಠಾಣೆಗಳ ಹಳೆಯ ಬಿಲ್ಡಿಂಗುಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಟ್ರಂಕಿನ ತಳದಿಂದ ಕೆಂಪು ನಕ್ಷತ್ರದ ಬಿಲ್ಲೆಯೋ, ಲೆನಿನ್ ಮುಖದ ಪಿನ್ನೋ ಹೊರಬಂದರೆ ಆಶ್ಚರ್ಯಪಡಬೇಕಿಲ್ಲ. ಸೋವಿಯತ್ ಒಕ್ಕೂಟದ ಜೊತೆ ಈ ಪ್ರದೇಶದ ಒಡನಾಟ ಹಳೆಯದು. 1958ರಲ್ಲಿ ಶುರುವಾದ ಪೊವಾಯಿಯ ಐಐಟಿಗೆ ಯುನೆಸ್ಕೋ ಮೂಲಕ ಯಂತ್ರಗಳೂ ತಜ್ಞರೂ ಬಂದದ್ದು ಅಲ್ಲಿಂದ. ಬಾಂಬೆ ಹೈ ತೈಲಕ್ಷೇತ್ರದ ಸುಳಿವು ಕೊಟ್ಟದ್ದು 1960ರ ದಶಕದ ಸೋವಿಯತ್ ಸಮೀಕ್ಷಾ ಹಡಗು. ನೌಕಾಪಡೆಯ ಮೊದಲ ಜಲಾಂತರ್ಗಾಮಿ ಐಎನ್ಎಸ್ ಕಲ್ವರಿ 1967ರಲ್ಲಿ ಸೇವೆಗೆ ಸೇರಿದ್ದು ಅಂದಿನ ಸೋವಿಯತ್ ಬಂದರು ರೀಗಾದಲ್ಲಿ. ಐಎನ್ಎಸ್ ರಜಪೂತ್ 1980ರಲ್ಲಿ ಪೋತಿ ಬಂದರಿನಲ್ಲಿ. ಇಂಥ ಕೆಲಸಕ್ಕೆ ಹೋದವರೂ ಅಲ್ಲಿ ಓದಲು ಹೋದವರೂ ಬರುವಾಗ ಜೇಬಿನಲ್ಲಿ ಒಂದೆರಡು ಬಿಲ್ಲೆ ತಂದರು. 1991ರ ನಂತರವಂತೂ ಮಾಸ್ಕೋದ ಅರ್ಬಾತ್ ಬೀದಿಯಲ್ಲಿ, ಇಜ್ಮೈಲೊವೊ ಸಂತೆಯಲ್ಲಿ ಪದಕಗಳು ರಾಶಿರಾಶಿಯಾಗಿ ಮಾರಾಟಕ್ಕೆ ಬಂದವು.

ಹೀಗೆ ಸಿಕ್ಕಿದ್ದನ್ನು ಕೆಲವರು ಭಂಗಾರ್‌ವಾಲಾಗೆ ತೂಗಿ ಕೊಡುತ್ತಾರೆ, ಕೆಲವರು ಲಕ್ಷಗಳ ಕನಸು ಕಾಣುತ್ತಾರೆ. ಎರಡಕ್ಕೂ ಕಾರಣ ಕೆಳಗಿನ ನಂಬಿಕೆಗಳು.

ತಪ್ಪು ಕಲ್ಪನೆ 1: ಕೆಂಪು ನಕ್ಷತ್ರ ಇದ್ದರೆ ಅದು ಶೌರ್ಯ ಪದಕ.

ಸತ್ಯ: ನಮ್ಮ ಕೈಗೆ ಸಿಗುವವುಗಳಲ್ಲಿ ಹೆಚ್ಚಿನವು ಪದಕಗಳೇ ಅಲ್ಲ. ಸೋವಿಯತ್ ಬಿಲ್ಲೆಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿ. ಮೊದಲನೆಯದು ‘ಆರ್ಡರ್’, ಎಂದರೆ ಸರ್ಕಾರದ ಉನ್ನತ ಗೌರವ. ಬೆಳ್ಳಿ ಅಥವಾ ಚಿನ್ನದ ಮೇಲೆ ಎನಾಮೆಲ್, ಹಿಂಬದಿಯಲ್ಲಿ ಸಾಮಾನ್ಯವಾಗಿ ಸಂಖ್ಯೆ. ಎರಡನೆಯದು ‘ಮೆಡಲ್’, ದುಂಡಗಿನ ಬಿಲ್ಲೆ, ಐದು ಮೂಲೆಯ ಪಟ್ಟಿಗೆ ಸುತ್ತಿದ ರಿಬ್ಬನ್ನಿನಿಂದ ತೂಗುತ್ತದೆ. ಮೂರನೆಯದು ಮೇಜಿನ ಮೇಲಿಡುವ ದಪ್ಪ ಸ್ಮಾರಕ ಬಿಲ್ಲೆ. ಪಿನ್ನೂ ಇಲ್ಲ, ಕೊಂಡಿಯೂ ಇಲ್ಲ. ಸಮ್ಮೇಳನಕ್ಕೆ ಬಂದ ಅತಿಥಿಗಳಿಗೆ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದದ್ದು ಇದನ್ನೇ. ನಾಲ್ಕನೆಯದು ‘ಜ್ನಾಚೋಕ್’ ಎಂಬ ಪುಟ್ಟ ಬ್ಯಾಡ್ಜ್. ಊರಿನ ಲಾಂಛನ, ಒಲಿಂಪಿಕ್ಸ್, ಬಾಹ್ಯಾಕಾಶ ಯಾನ, ಬಾಲ ಲೆನಿನ್ ಹೀಗೆ ಸಾವಿರಾರು ಬಗೆ. ಅಗ್ಗದ ಅಲ್ಯೂಮಿನಿಯಮ್ಮಿನಲ್ಲಿ ಮಾಡಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದರು. ಹಗುರವಾಗಿದ್ದು, ಹಿಂದೆ ಬರೀ ಸೂಜಿಪಿನ್ನಿದ್ದರೆ ಅದು ಬಹುತೇಕ ಈ ನಾಲ್ಕನೆಯ ಜಾತಿಯದು.

ತಪ್ಪು ಕಲ್ಪನೆ 2: ಹಳದಿ ಇದ್ದರೆ ಚಿನ್ನ, ಕರಗಿಸಿದರೂ ನಷ್ಟವಿಲ್ಲ.

ಸತ್ಯ: ಬೆಳ್ಳಗಿರುವುದೆಲ್ಲ ಹಾಲಲ್ಲ, ಹಳದಿಯೆಲ್ಲ ಚಿನ್ನವೂ ಅಲ್ಲ. 1930ರಲ್ಲಿ ಸ್ಥಾಪನೆಯಾದ ‘ಆರ್ಡರ್ ಆಫ್ ಲೆನಿನ್’ ಮೊದಲು ಬೆಳ್ಳಿಯದಿತ್ತು. 1934ರಿಂದ ಚಿನ್ನಕ್ಕೆ ಬದಲಾಯಿತು, ಮುಂದೆ ಲೆನಿನ್ ಮುಖವನ್ನು ಪ್ಲಾಟಿನಮ್ಮಿನಲ್ಲಿ ಮಾಡಿದರು. ಕೊನೆಯ ಮಾದರಿಯಲ್ಲಿ ಸುಮಾರು 28 ಗ್ರಾಂ ಚಿನ್ನವಿದೆ. ಆದರೆ ಅದು ಟ್ರಂಕಿನಲ್ಲಿ ಸಿಗುವಂಥದ್ದಲ್ಲ. ಸಾಮಾನ್ಯವಾಗಿ ಕಾಣುವ ‘ಜರ್ಮನಿಯ ಮೇಲಿನ ವಿಜಯ’ ಪದಕ ಅಪ್ಪಟ ಹಿತ್ತಾಳೆ. ‘ಕೆಂಪು ನಕ್ಷತ್ರ’ ಆರ್ಡರಿನಲ್ಲಿರುವುದು ಸುಮಾರು 27 ಗ್ರಾಂ ಬೆಳ್ಳಿ. ಅಕ್ಕಸಾಲಿಗ ಅದಕ್ಕೆ ಕೊಡುವ ಹಣಕ್ಕಿಂತ ಸಂಗ್ರಾಹಕ ಕೊಡುವುದು ಎಷ್ಟೋ ಹೆಚ್ಚು. ಕರಗಿಸಿದರೆ ಹೋಗುವುದು ಬೆಳ್ಳಿಯಲ್ಲ, ಹಿಂಬದಿಯ ಸಂಖ್ಯೆ.

ತಪ್ಪು ಕಲ್ಪನೆ 3: ಎರಡನೇ ಮಹಾಯುದ್ಧದ್ದು ಎಂದರೆ ಅಪರೂಪದ ವಸ್ತು.

ಸತ್ಯ: ಕೆಲವು ಪದಕಗಳನ್ನು ಕೋಟಿಯ ಲೆಕ್ಕದಲ್ಲಿ ಹಂಚಲಾಗಿದೆ. 1945ರ ಮೇ 9ರಂದು ಸ್ಥಾಪಿಸಿದ ‘ಜರ್ಮನಿಯ ಮೇಲಿನ ವಿಜಯ’ ಪದಕ ಸುಮಾರು 1.49 ಕೋಟಿ ಜನರಿಗೆ ಸಂದಿದೆ. ಇದರಲ್ಲಿ ಸ್ಟಾಲಿನ್ ಎಡಕ್ಕೆ, ಎಂದರೆ ನಕ್ಷೆಯ ಪಶ್ಚಿಮಕ್ಕೆ ಮುಖ ಮಾಡಿದ್ದಾನೆ. ಅದೇ ವರ್ಷದ ‘ಜಪಾನಿನ ಮೇಲಿನ ವಿಜಯ’ ಪದಕದಲ್ಲಿ ಬಲಕ್ಕೆ, ಪೂರ್ವದ ಕಡೆಗೆ. ‘ಕೆಂಪು ನಕ್ಷತ್ರ’ ಆರ್ಡರೂ 38 ಲಕ್ಷಕ್ಕಿಂತ ಹೆಚ್ಚು ಬಾರಿ ಸಂದಿದೆ.

ಇನ್ನೂ ದೊಡ್ಡ ಗೊಂದಲ ‘ಮಾತೃಭೂಮಿ ಸಮರ’ದ ಆರ್ಡರಿನದು. 1942ರ ಮೇ 20ರಂದು ಇದು ಸ್ಥಾಪನೆಯಾದಾಗ, ಯಾವ ಸಾಹಸಕ್ಕೆ ಯಾವ ದರ್ಜೆ ಎಂದು ನಿಯಮದಲ್ಲೇ ಬರೆದಿದ್ದರು. ಆದರೆ 1985ರಲ್ಲಿ, ವಿಜಯದ 40ನೇ ವರ್ಷಕ್ಕೆಂದು, ಬದುಕಿದ್ದ ಹಳೆಯ ಯೋಧರಿಗೆಲ್ಲ ಇದನ್ನು ಸಾಮೂಹಿಕವಾಗಿ ಕೊಟ್ಟರು. ಇವತ್ತು ಮಾರುಕಟ್ಟೆಯಲ್ಲಿ ಕಾಣುವ ಹೆಚ್ಚಿನವು ಈ 1985ರವೇ. ಯುದ್ಧಕಾಲದ ಮೊದಲ ದರ್ಜೆಯಲ್ಲಿ ನಿಜವಾದ ಚಿನ್ನವಿತ್ತು, 1985ರದ್ದು ಚಿನ್ನದ ಮುಲಾಮಿನ ಬೆಳ್ಳಿ. ಹೆಸರು ಒಂದೇ, ಬೆಲೆಯಲ್ಲಿ ಅಜಗಜಾಂತರ.

ತಪ್ಪು ಕಲ್ಪನೆ 4: ಅಯಸ್ಕಾಂತ ಹಿಡಿದರೆ ಅಸಲಿ-ನಕಲಿ ಗೊತ್ತಾಗುತ್ತದೆ.

ಸತ್ಯ: ಕಬ್ಬಿಣದ ಕಳಪೆ ನಕಲು ಮಾತ್ರ ಇದರಲ್ಲಿ ಸಿಕ್ಕಿಬೀಳುತ್ತದೆ. ಬೆಳ್ಳಿ, ಚಿನ್ನ, ಹಿತ್ತಾಳೆ ಯಾವುದೂ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಹಿತ್ತಾಳೆಯ ನಕಲು ಆರಾಮವಾಗಿ ಪಾಸಾಗುತ್ತದೆ. ಚೋರ್ ಬಜಾರಿಗೆ ಹೋಗುವವರು ಜೇಬಿನಲ್ಲಿ ಮಸೂರ, ಕೈತಕ್ಕಡಿ, ಅಳತೆಪಟ್ಟಿ ಇಟ್ಟುಕೊಳ್ಳುವುದು ಲೇಸು. ಕೆಂಪು ನಕ್ಷತ್ರವನ್ನೇ ನೋಡಿ. ಅಗಲ 5 ಸೆಂ.ಮೀ. ಒಳಗೆ, ತೂಕ 33 ಗ್ರಾಂ ಆಸುಪಾಸು. ನಡುವೆ ಉದ್ದನೆಯ ಕೋಟು ತೊಟ್ಟು ಬಂದೂಕು ಹಿಡಿದ ಸೈನಿಕ. ಅಸಲಿಯ ಎನಾಮೆಲ್ ಮಾಣಿಕ್ಯದ ಕೆಂಪು, ಬೆಳಕಿಗೆ ಓರೆಯಾಗಿ ಹಿಡಿದರೆ ಆಳದಿಂದ ಹೊಳೆಯುತ್ತದೆ. ನಕಲಿಯಲ್ಲಿ ಬಣ್ಣ ಬಳಿದಂತೆ ಮೇಲೇ ನಿಲ್ಲುತ್ತದೆ. ಹಿಂಬದಿಯಲ್ಲಿ ಟಂಕಸಾಲೆಯ ಮುದ್ರೆ, ಕೊರೆದ ಸಂಖ್ಯೆ, ತಿರುಪು ಮತ್ತು ದುಂಡು ನಟ್. ಸಂಖ್ಯೆಯ ಸುತ್ತ ಲೋಹ ಕೆರೆದು ತೆಳುವಾಗಿದ್ದರೆ, ಹಳೆಯ ಅಂಕಿ ಅಳಿಸಿ ಹೊಸದು ಕೊರೆದಿದ್ದಾರೆ ಎಂದು ಅನುಮಾನಿಸಬೇಕು.

ಉಜ್ಜಿ ಹೊಳಪು ಕೊಟ್ಟರೆ ಬೆಲೆ ಏರುತ್ತದೆ ಎಂಬುದೂ ಇದರ ತಮ್ಮನಂಥ ನಂಬಿಕೆ. ಹುಣಸೆಹಣ್ಣು, ಪೀತಾಂಬರಿ ಎಲ್ಲ ದೇವರ ಕೋಣೆಯ ಹಿತ್ತಾಳೆಗೆ ಸರಿ. ಪದಕದ ಸಂದುಗಳಲ್ಲಿ ಕೂತ ಕಪ್ಪು ಹೋದರೆ ಅದರ ವಯಸ್ಸಿನ ಸಾಕ್ಷಿಯೂ ಹೋಯಿತು.

ತಪ್ಪು ಕಲ್ಪನೆ 5: ಅದೃಷ್ಟವಿದ್ದರೆ ‘ಆರ್ಡರ್ ಆಫ್ ವಿಕ್ಟರಿ’ಯೂ ಸಿಕ್ಕೀತು.

ಸತ್ಯ: 1943ರ ನವೆಂಬರ್ 8ರಂದು ಸ್ಥಾಪಿಸಿದ ಈ ವಜ್ರಖಚಿತ ನಕ್ಷತ್ರ ಒಟ್ಟು ಸಂದಿರುವುದು 20 ಸಲ. ಪಡೆದವರು ಝುಕೋವ್, ಸ್ಟಾಲಿನ್, ಐಸೆನ್‌ಹೋವರ್, ಮಾಂಟ್ಗೊಮರಿ ಅಂಥವರು. ಬ್ರೆಜ್ನೆವ್‌ಗೆ ಕೊಟ್ಟದ್ದನ್ನು ಅವನು ಸತ್ತ ಮೇಲೆ, 1989ರಲ್ಲಿ, ರದ್ದು ಮಾಡಿದರು. ಅಂಗಡಿಯಲ್ಲಿ ಕಂಡದ್ದು ನಕಲು ಎಂದು ಕಣ್ಣು ಮುಚ್ಚಿ ಹೇಳಬಹುದು. ನಕಲೆಂದು ಗೊತ್ತಿದ್ದೇ ಕೊಂಡರೆ ಅಭ್ಯಂತರವೇನಿಲ್ಲ.

ತಪ್ಪು ಕಲ್ಪನೆ 6: ಸಂಖ್ಯೆ ಇದ್ದರೆ ಪದಕ ಯಾರದ್ದೆಂದು ಕೂಡಲೇ ಪತ್ತೆಯಾಗುತ್ತದೆ.

ಸತ್ಯ: ಬ್ರಿಟಿಷರ ಕಾಲದಿಂದಲೂ ನಮ್ಮ ಸೈನ್ಯದ ಪದಕಗಳ ಅಂಚಿನಲ್ಲಿ ಯೋಧನ ಹೆಸರು, ನಂಬರು ಕೊರೆಯುವ ರೂಢಿಯಿದೆ. ಸೋವಿಯತ್ ಪದಕದಲ್ಲಿ ಹೆಸರಿರುವುದಿಲ್ಲ. ಜರ್ಮನಿ ವಿಜಯದಂಥ ಪದಕಕ್ಕೆ ಸಂಖ್ಯೆಯೂ ಇಲ್ಲ. ಅದು ಒಂಟಿಯಾಗಿ ಸಿಕ್ಕರೆ ಯಾರದ್ದೆಂದು ಯಾವ ಪಂಡಿತನೂ ಹೇಳಲಾರ. ಆರ್ಡರುಗಳ ಸಂಖ್ಯೆಯನ್ನು ‘ಆರ್ಡರ್ ಪುಸ್ತಿಕೆ’ ಎಂಬ ಕಿರುಹೊತ್ತಗೆಯಲ್ಲಿ ಪಡೆದವರ ಹೆಸರಿನ ಜೊತೆ ಬರೆಯುತ್ತಿದ್ದರು. ಹಾಗಾಗಿ ಮಾಸಿದ ಆ ಪುಸ್ತಿಕೆ ಬಿಲ್ಲೆಯಷ್ಟೇ ಮುಖ್ಯ.

ಹೆಸರು ಸಿಕ್ಕ ಮೇಲೆ ನಿಜವಾದ ಶೋಧ ಶುರು. ರಷ್ಯಾದ ರಕ್ಷಣಾ ಸಚಿವಾಲಯದ ಕೇಂದ್ರ ದಫ್ತರ ಮಾಸ್ಕೋ ಬಳಿಯ ಪೊದೋಲ್ಸ್ಕ್‌ನಲ್ಲಿದೆ. ಅಲ್ಲಿನ ಯುದ್ಧಕಾಲದ ಕಡತಗಳು 2010ರಿಂದ ‘ಪೋದ್ವಿಗ್ ನರೋದಾ’ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ತೆರೆದಿವೆ. ಹೆಸರು, ಹುಟ್ಟಿದ ವರ್ಷ ಕೊಟ್ಟರೆ ಶಿಫಾರಸು ಪತ್ರ ಕಣ್ಣಮುಂದೆ ಬರುತ್ತದೆ. ಅದರಲ್ಲಿ ದರ್ಜೆ, ರಾಷ್ಟ್ರೀಯತೆ, ಪಕ್ಷದ ಸದಸ್ಯತ್ವ, ಎಷ್ಟು ಸಲ ಗಾಯಗೊಂಡಿದ್ದ, ಮನೆಯ ವಿಳಾಸ, ಎಲ್ಲಕ್ಕೂ ಒಂದೊಂದು ಕಲಮು. ಕೆಳಗೆ ಅವನು ಮಾಡಿದ್ದೇನು ಎಂಬ ವಿವರ, ಒಬ್ಬರ ಮೇಲೊಬ್ಬರಂತೆ ಅಧಿಕಾರಿಗಳ ಅಭಿಪ್ರಾಯ. ಕೆಳಗಿನವನು ದೊಡ್ಡ ಆರ್ಡರಿಗೆ ಬರೆದದ್ದನ್ನು ಮೇಲಿನವನು ಸಣ್ಣದಕ್ಕೆ ಇಳಿಸಿದ್ದೂ ಅಲ್ಲೇ ಕಾಣುತ್ತದೆ. ರಷ್ಯನ್ ಲಿಪಿ ಒಂದೆರಡು ವಾರದಲ್ಲಿ ಹಿಡಿತಕ್ಕೆ ಬರುತ್ತದೆ, ಕೈಬರಹ ಓದುವುದಕ್ಕೆ ಮಾತ್ರ ತಾಳ್ಮೆ ಬೇಕು.

ತಪ್ಪು ಕಲ್ಪನೆ 7: ಭಾರತೀಯರಿಗೆ ಸೋವಿಯತ್ ಯುದ್ಧ ಗೌರವ ಸಿಕ್ಕಿಲ್ಲ, ಲೆನಿನ್ ಹೆಸರಿನ ಪ್ರಶಸ್ತಿಗಳೆಲ್ಲ ಒಂದೇ.

ಸತ್ಯ: ಎರಡೂ ತಪ್ಪು. ಮಹಾಯುದ್ಧದಲ್ಲಿ ಇರಾನ್ ಮಾರ್ಗವಾಗಿ ಸೋವಿಯತ್ ಒಕ್ಕೂಟಕ್ಕೆ ಸರಕು ಸಾಗಿಸಿದ ಭಾರತೀಯ ಸೇನೆಯ ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಹವಾಲ್ದಾರ್ ಗಜೇಂದ್ರ ಸಿಂಗ್ ಅವರಿಗೆ 1944ರಲ್ಲಿ ಕೆಂಪು ನಕ್ಷತ್ರದ ಆರ್ಡರ್ ಸಂದಿತು. ಮುಂಬೈಯ ಗಿರಣಿ ಕಾರ್ಮಿಕರ ನಾಯಕ ಶ್ರೀಪಾದ ಅಮೃತ ಡಾಂಗೆ ಅವರಿಗೆ ಸಿಕ್ಕಿದ್ದು ಆರ್ಡರ್ ಆಫ್ ಲೆನಿನ್, 1974ರಲ್ಲಿ. 1984ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ರಾಕೇಶ್ ಶರ್ಮಾ ‘ಸೋವಿಯತ್ ಒಕ್ಕೂಟದ ವೀರ’ರಾದರು; ಚಿನ್ನದ ನಕ್ಷತ್ರದ ಜೊತೆ ಆರ್ಡರ್ ಆಫ್ ಲೆನಿನ್ ಕೂಡ ಬಂತು. ಅವರ ಜೊತೆ ಹಾರಿದ ಮಾಲಿಶೆವ್, ಸ್ತ್ರೆಕಾಲೊವ್ ಅವರಿಗೆ ಭಾರತ ಅಶೋಕ ಚಕ್ರ ಕೊಟ್ಟಿತು.

ಬೆಂಗಳೂರಿನ ಸರ್ ಸಿ.ವಿ. ರಾಮನ್ ಅವರಿಗೆ ಸಂದದ್ದು 1957ರ ಲೆನಿನ್ ಶಾಂತಿ ಪ್ರಶಸ್ತಿ. ಇದು ಅಂತರರಾಷ್ಟ್ರೀಯ ಸಮಿತಿ ಕೊಡುತ್ತಿದ್ದ ಬೇರೆಯೇ ಬಹುಮಾನ, ಆರ್ಡರ್ ಅಲ್ಲ. ಬಸವರಾಜ ಕಟ್ಟೀಮನಿ ಅವರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ 1968ರಲ್ಲಿ ಬಂದ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಒಂದು ಪತ್ರಿಕೆಯ ಹೆಸರಿನದು. ಇನ್ನೊಂದು ಸೂಕ್ಷ್ಮ ನೆನಪಿಡಿ: ಲೆನಿನ್ ಶತಮಾನೋತ್ಸವದ 1970ರ ಪದಕ ಸೋವಿಯತ್ ಪ್ರಜೆಗಳಿಗೆ ಕೋಟಿಗೂ ಮಿಕ್ಕಿ ಸಂದಿದೆ, ಹಿಂಬದಿಯಲ್ಲಿ ‘ಶ್ರಮಕ್ಕಾಗಿ’ ಅಥವಾ ‘ಸೇನಾ ಶೌರ್ಯಕ್ಕಾಗಿ’ ಎಂಬ ಬರಹವಿದೆ. ವಿದೇಶಿ ಸಂಗಾತಿಗಳಿಗೆ ಕೊಟ್ಟದ್ದರಲ್ಲಿ ಆ ಬರಹವಿಲ್ಲ, ಅಂಥವು ಬಹಳ ಕಡಿಮೆ. ಹಳೆಯ ಕಾಮ್ರೇಡುಗಳ ಮನೆಯಲ್ಲಿ ಈ ಪದಕ ಸಿಕ್ಕರೆ ಮೊದಲು ತಿರುಗಿಸಿ ನೋಡಬೇಕು.

ತಪ್ಪು ಕಲ್ಪನೆ 8: ವಿದೇಶಿ ಪದಕ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

ಸತ್ಯ: ನಮ್ಮ ಸಂವಿಧಾನದ 18ನೇ ವಿಧಿ ತಡೆಯುವುದು ವಿದೇಶಿ ಸರ್ಕಾರದಿಂದ ಬಿರುದು ಸ್ವೀಕರಿಸುವುದನ್ನು, ಹಳೆಯ ಪದಕ ಕೊಂಡಿಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ನೋಡುವುದು 100 ವರ್ಷ ದಾಟಿದ ವಸ್ತುಗಳನ್ನು. 1940ರ ದಶಕದ ಪದಕ ಅದರೊಳಗೆ ಬರುವುದಿಲ್ಲ. ಎಚ್ಚರ ಬೇಕಿರುವುದು ರಷ್ಯಾದಲ್ಲಿ. ಅಲ್ಲಿ ಸೋವಿಯತ್ ಸರ್ಕಾರಿ ಪದಕಗಳ ಮಾರಾಟವೂ ಖರೀದಿಯೂ ದಂಡಸಂಹಿತೆಯ 324ನೇ ವಿಧಿಯಡಿ ಅಪರಾಧ, ದೇಶದಿಂದ ಹೊರಗೆ ಸಾಗಿಸುವುದೂ ನಿಷಿದ್ಧ. ಪ್ರವಾಸಕ್ಕೆ ಹೋದವರು ಬ್ಯಾಡ್ಜು ತರಬಹುದು, ಆರ್ಡರಿನ ಗೊಡವೆ ಬೇಡ.

ಮನೆಯಲ್ಲಿ ಇಂಥ ಬಿಲ್ಲೆ ಸಿಕ್ಕವರು ಮೂರು ಕೆಲಸ ಮಾಡಿದರೆ ಸಾಕು. ಉಜ್ಜದೆ ಎರಡೂ ಬದಿಯ ಫೋಟೋ ತೆಗೆಯಿರಿ. ಜೊತೆಗಿದ್ದ ಪುಸ್ತಿಕೆ, ಪೆಟ್ಟಿಗೆ, ಕಾಗದ ಬೇರೆ ಮಾಡಬೇಡಿ. ಅದನ್ನು ತಂದವರು ಯಾರು, ಯಾವ ಕೆಲಸಕ್ಕೆ ಹೋಗಿದ್ದರು, ಯಾವ ಊರಿನಿಂದ ತಂದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಪೊದೋಲ್ಸ್ಕ್‌ನ ದಫ್ತರದಲ್ಲಿ ಪದಕ ಪಡೆದ ಸೈನಿಕನ ವಿವರ ಸಿಗಬಹುದು, ಅದು ಡೊಂಬಿವಲಿಗೆ ಹೇಗೆ ಬಂತೆಂಬ ವಿವರ ಅಲ್ಲಿ ಸಿಗುವುದಿಲ್ಲ. ಅದನ್ನು ಬಲ್ಲವರು ನಿಮ್ಮ ಮನೆಯವರು ಮಾತ್ರ.