ಕೊರವ ಮೀನಿಗೆ ಆಹಾರ ರೂಢಿ ಮಾಡಿಸುವ ಕ್ರಮ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಜನರಿಗೆ ಕೊರವ ಮೀನಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಹಾವಿನಂತಹ ತಲೆಯೂ, ಉರುಟಾದ ಮೈಯೂ, ಕಪ್ಪು ಬೆನ್ನೂ ಉಳ್ಳ ಈ ಮೀನು ಕೃಷ್ಣಾ ಮತ್ತು ಭೀಮಾ ನದಿಗಳ ಮಡುಗಳಲ್ಲಿಯೂ, ಕೆರೆಗಳ ಕೆಸರಿನಲ್ಲಿಯೂ, ನೆಲ್ಲುಗದ್ದೆಗಳ ಬಸಿಗಾಲುವೆಗಳಲ್ಲಿಯೂ ದೊರೆಯುತ್ತದೆ. ತೆಲುಗು ಮಾತನಾಡುವವರು ಇದನ್ನು ಕೊರಮೀನು ಎಂದೂ, ಹೈದರಾಬಾದಿನ ಪೇಟೆಯವರು ಮುರ್ರೆಲ್ ಎಂದೂ ಕರೆಯುತ್ತಾರೆ. ಇದರಲ್ಲಿ ಮುಳ್ಳು ಕಡಿಮೆ, ಮಾಂಸ ಗಟ್ಟಿ. ನೀರಿನಿಂದ ತೆಗೆದ ಮೇಲೂ ಒದ್ದೆಯಾಗಿಟ್ಟರೆ ಬಹಳ ಹೊತ್ತು ಬದುಕಿರುವುದರಿಂದ ಜೀವಂತವಾಗಿಯೇ ಪೇಟೆಗೆ ಸಾಗಿಸಬಹುದು. ಈ ಕಾರಣಗಳಿಂದ ಕೆಂಡೆ ಜಾತಿಯ ಮೀನುಗಳಿಗಿಂತ ಇದಕ್ಕೆ ಹೆಚ್ಚಿನ ಬೆಲೆ ಬರುತ್ತದೆ. ನೆರೆಯ ತೆಲಂಗಾಣವು ಇದನ್ನೇ ತನ್ನ ರಾಜ್ಯಮೀನೆಂದು ಅಂಗೀಕರಿಸಿದೆ. ಮಿರಗದ ಮಳೆ ಹೂಡುವ ದಿನಗಳಲ್ಲಿ ಹೈದರಾಬಾದಿನಲ್ಲಿ ಉಬ್ಬಸದವರಿಗೆ ಮೀನಿನ ಮರಿಯೊಡನೆ ಔಷಧಿಯನ್ನು ನುಂಗಿಸುವ ವಾಡಿಕೆಯುಂಟಷ್ಟೆ. ಆ ಮರಿಗಳೂ ಈ ಜಾತಿಯವೇ. ಆ ಔಷಧಿಯ ಗುಣಕ್ಕೆ ಶಾಸ್ತ್ರದ ಪ್ರಮಾಣವಿಲ್ಲ. ಮರಿಗೆ ಪೇಟೆಯಲ್ಲಿ ಬೇಡಿಕೆಯಿದೆ ಎಂಬುದು ಮಾತ್ರ ನಿಶ್ಚಯವು.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಸುರಪುರ ಮತ್ತು ಶಹಾಪುರದ ಹೊಲಗಳಿಗೆ ಹರಿಯಿತು. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ಒಣಬೇಸಾಯದ ಹೊಲಗಳಲ್ಲಿ ಕೃಷಿ ಹೊಂಡಗಳಾದವು. ಕಾಲುವೆಯ ಕೆಳಗೆ ನೀರು ನಿಂತು ಜವಳು ಹಿಡಿದ ತುಂಡು ಭೂಮಿಗಳೂ ಅಲ್ಲಲ್ಲಿ ಇವೆ. ಹೀಗೆ ನೀರಿರುವ ಸ್ಥಳಗಳಲ್ಲಿ ಮೀನು ಸಾಕುವ ಆಸೆಯು ಭೂಮಾಲಿಕರಲ್ಲಿ ಹುಟ್ಟುವುದು ಸಹಜವು. ಆದರೆ ಕೊರವ ಮೀನಿನ ಸಾಕಣೆಯಲ್ಲಿ ಕೈಸುಟ್ಟುಕೊಂಡವರಿಗೆ ನೀರಿಗಿಂತಲೂ ಆಹಾರವೇ ಹೆಚ್ಚಿನ ತೊಂದರೆಯನ್ನು ಕೊಡತಕ್ಕದ್ದು. ಆದುದರಿಂದ ಆ ಒಂದು ವಿಷಯವನ್ನೇ ಇಲ್ಲಿ ವಿವರಿಸಲಾಗಿದೆ.

ನಷ್ಟವು ಹೇಗೆ ಆಗುವುದು?

ಒಬ್ಬ ಭೂಮಾಲಿಕರು ಒಂದು ಅಂಗುಲದ ಐನೂರು ಮರಿಗಳನ್ನು ಕೊಂಡು ತಂದು ಮನೆಯ ಹಿಂದಿನ ಸಿಮೆಂಟಿನ ತೊಟ್ಟಿಯಲ್ಲಿ ಬಿಟ್ಟರೆಂದು ಇಟ್ಟುಕೊಳ್ಳೋಣ. ಕಾಟ್ಲಾ, ರೋಹು ಮೀನುಗಳಿಗೆ ಹಾಕಿದಂತೆ ಇವಕ್ಕೂ ಅಕ್ಕಿತೌಡು ಮತ್ತು ಶೇಂಗಾ ಹಿಂಡಿಯನ್ನು ಎರಚುತ್ತಾರೆ. ಮರಿಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಹಿಂಡಿಯು ತಳಕ್ಕಿಳಿದು ಕೊಳೆಯುತ್ತದೆ, ನೀರು ಬೆಳ್ಳಗಾಗುತ್ತದೆ. ಹತ್ತು ದಿನಗಳ ತರುವಾಯ ಎಣಿಸಿದರೆ ನೂರೈವತ್ತು ಮರಿಗಳು ಮಾತ್ರ ಉಳಿದಿವೆ. ಅವುಗಳ ಪೈಕಿ ಹತ್ತಿಪ್ಪತ್ತು ಮಾತ್ರ ಹೊಟ್ಟೆ ತುಂಬಿಕೊಂಡು ಉಳಿದವಕ್ಕಿಂತ ಇಮ್ಮಡಿ ಬೆಳೆದಿವೆ. ಸತ್ತ ಮರಿಗಳು ನೀರಿನ ಮೇಲೆ ತೇಲಿದ್ದನ್ನು ಯಾರೂ ಕಂಡಿಲ್ಲ. ಕೊಕ್ಕರೆಯು ತಿಂದಿತೆಂದು ಒಬ್ಬರು, ಕಳವಾಯಿತೆಂದು ಒಬ್ಬರು, ದೃಷ್ಟಿಯಾಯಿತೆಂದು ಮತ್ತೊಬ್ಬರು ಹೇಳುತ್ತಾರೆ.

ವಾಸ್ತವವಾಗಿ ಕಳ್ಳನು ತೊಟ್ಟಿಯ ಒಳಗೇ ಇದ್ದಾನೆ. ಕೊರವ ಮೀನು ಬೇಟೆಗಾರ ಪ್ರಾಣಿ. ಅದರ ಕಣ್ಣಿಗೆ ಚಲಿಸುವ ವಸ್ತುವೇ ಆಹಾರ, ಅಲುಗಾಡದ್ದು ಆಹಾರವಲ್ಲ. ತೊಟ್ಟಿಯಲ್ಲಿ ಚಲಿಸುವ ವಸ್ತುವೆಂದರೆ ಒಡಹುಟ್ಟಿದ ಮರಿಯೊಂದೇ. ಹಸಿದ ಮರಿಯು ತನ್ನ ಉದ್ದದ ಅರ್ಧದಷ್ಟಿರುವ ಇನ್ನೊಂದನ್ನು ಸುಲಭವಾಗಿ ನುಂಗಬಲ್ಲದು. ಹೀಗೆ ತಿಂದ ಮರಿಯು ಬೇಗ ಬೆಳೆದು ಮತ್ತಷ್ಟು ಮರಿಗಳನ್ನು ತಿನ್ನುತ್ತದೆ. ಆದಕಾರಣ ಮರಿಗಳ ನಷ್ಟಕ್ಕೆ ಮೂಲವು ಹಸಿವೆ. ಹಸಿವೆಗೆ ಮೂಲವು ಯಜಮಾನರು ಹಾಕಿದ ಆಹಾರವನ್ನು ಮರಿಯು ಆಹಾರವೆಂದು ಅರಿಯದಿರುವುದು.

ಇದು ನಮ್ಮ ಸೀಮೆಯ ಮೀನಿಗೆ ಮಾತ್ರ ಸಂಬಂಧಿಸಿದ ಕಷ್ಟವಲ್ಲ. ಪಟ್ಟಣಗಳಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಗಳಲ್ಲಿ ಹವಳದ ದಿಬ್ಬದ ಮೀನುಗಳನ್ನು ಸಾಕುವವರಿದ್ದಾರೆ. ಪೆಸಿಫಿಕ್ ಸಾಗರದಿಂದ ಬರುವ ಮ್ಯಾಂಡರಿನ್ ಎಂಬ ಚಿತ್ತಾರದ ಸಣ್ಣ ಮೀನು ಕಲ್ಲುಗಳ ಮೇಲೆ ಹರಿದಾಡುವ ಸೂಕ್ಷ್ಮ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುತ್ತದೆ. ಒಣ ಆಹಾರವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಚಿಕ್ಕ ತೊಟ್ಟಿಯಲ್ಲಿ ಆ ಜೀವಿಗಳು ಕೆಲವು ವಾರಗಳಲ್ಲಿಯೇ ತೀರಿಹೋಗಿ, ಸುತ್ತಲೂ ಆಹಾರ ಚೆಲ್ಲಿದ್ದರೂ ಮೀನು ಸೊರಗಿ ಸಾಯುತ್ತದೆ. ತಿಳಿದವರು ಬೇರೊಂದು ಪಾತ್ರೆಯಲ್ಲಿ ಆ ಜೀವಿಗಳನ್ನು ಬೆಳೆಸಿ ದಿನವೂ ಒದಗಿಸುತ್ತಾರೆ. ತರುವಾಯ ಸಾವಕಾಶವಾಗಿ ಸತ್ತ ಆಹಾರದ ರುಚಿ ಹಿಡಿಸುತ್ತಾರೆ. ಜೀವಂತ ಆಹಾರವನ್ನು ಮೊದಲು ಸಿದ್ಧಪಡಿಸಿ, ಮೀನನ್ನು ಆಮೇಲೆ ತರಬೇಕೆಂಬ ಈ ನಿಯಮವು ಕೊರವ ಮೀನಿಗೂ ಅನ್ವಯಿಸುತ್ತದೆ.

ತೊಟ್ಟಿಯ ಸಿದ್ಧತೆ

ಹತ್ತು ಅಡಿ ಉದ್ದ, ಐದು ಅಡಿ ಅಗಲದ ತೊಟ್ಟಿಯಲ್ಲಿ ಒಂದೂವರೆ ಅಡಿ ನೀರು ನಿಲ್ಲಿಸಿದರೆ ಸುಮಾರು 2,100 ಲೀಟರು ನೀರು ಹಿಡಿಯುತ್ತದೆ. ಇದು ಐನೂರು ಮರಿಗಳಿಗೆ ಆರಂಭದಲ್ಲಿ ಸಾಕು. ಅನುಭವವಿಲ್ಲದವರು ಮೊದಲನೆಯ ವರ್ಷ ನೂರು, ಇನ್ನೂರು ಮರಿಗಳಿಂದಲೇ ತೊಡಗುವುದು ಲೇಸು. ಹೊಸ ಸಿಮೆಂಟಿನ ತೊಟ್ಟಿಯನ್ನು ಹಲವು ಸಲ ನೀರು ತುಂಬಿಸಿ ಖಾಲಿ ಮಾಡಿದ ಹೊರತು ಬಳಸಬಾರದು. ನಲ್ಲಿಯ ನೀರಾದರೆ ಒಂದು ದಿನ ಬಿಸಿಲಿಗೆ ತೆರೆದಿಟ್ಟು ಆಮೇಲೆ ಉಪಯೋಗಿಸಬೇಕು.

ಕೊರವ ಮೀನು ಆಗಾಗ್ಗೆ ಮೇಲೆ ಬಂದು ಗಾಳಿಯನ್ನು ನುಂಗಿ ಉಸಿರಾಡುವ ಜಾತಿಯದು. ನೀರಿನ ಮೇಲ್ಭಾಗವನ್ನೆಲ್ಲಾ ಅಂತರಗಂಗೆಯಿಂದ ಮುಚ್ಚಿದರೆ ನೀರಿನಲ್ಲಿಯೇ ಇದ್ದರೂ ಉಸಿರುಕಟ್ಟಿ ಸಾಯುತ್ತದೆ. ನಾಲ್ಕನೆಯ ಒಂದು ಪಾಲಿನಷ್ಟು ಮಾತ್ರ ಗಿಡವಿರಲಿ. ಒಡೆದ ಗಡಿಗೆಯ ಚೂರುಗಳನ್ನು ಮರೆಗಾಗಿ ತಳದಲ್ಲಿಡಬೇಕು. ಅಡಗುವ ಸ್ಥಳವಿದ್ದಲ್ಲಿ ಕಚ್ಚಾಟವು ಕಡಿಮೆಯಾಗುವುದು. ಈ ಮೀನು ಜಿಗಿಯುವ ಸ್ವಭಾವದ್ದಾದ್ದರಿಂದ ಮೇಲೆ ಬಲೆಯನ್ನು ಬಿಗಿಯಾಗಿ ಕಟ್ಟತಕ್ಕದ್ದು. ಬೇಸಿಗೆಯಲ್ಲಿ ಈ ಭಾಗದ ಉಷ್ಣವು 40 ಡಿಗ್ರಿ ಮೀರುವುದರಿಂದ ತೊಟ್ಟಿಗೆ ಚಪ್ಪರದ ನೆರಳು ಅವಶ್ಯಕವು.

ಜೀವಂತ ಆಹಾರವನ್ನು ಬೆಳೆಸುವುದು

ಮರಿಗಳನ್ನು ತರುವುದಕ್ಕೆ ಹತ್ತು, ಹದಿನೈದು ದಿನಗಳ ಮುಂಚೆಯೇ ಬೇರೊಂದು ತೊಟ್ಟಿಯಲ್ಲಾಗಲಿ ಎರಡು ಮೂರು ದೊಡ್ಡ ಪೀಪಾಯಿಗಳಲ್ಲಾಗಲಿ ನೀರು ತುಂಬಿಸಿ, ಸ್ವಲ್ಪ ಸಗಣಿಯನ್ನೂ ನೆನೆಸಿದ ಶೇಂಗಾ ಹಿಂಡಿಯನ್ನೂ ಕಲಸಿಬಿಡಬೇಕು. ನೀರು ಹಸುರುಬಣ್ಣಕ್ಕೆ ತಿರುಗಿದ ಮೇಲೆ ಕೆರೆಯ ಅಂಚಿನಿಂದ ತೆಳುವಾದ ಬಟ್ಟೆಯಲ್ಲಿ ಶೋಧಿಸಿ ತಂದ ನೀರುಚಿಗಟಗಳನ್ನು ಅದರಲ್ಲಿ ಬಿಡಬೇಕು. ಇವು ಎಳ್ಳಿನ ಕಾಳಿಗಿಂತಲೂ ಚಿಕ್ಕವಾಗಿ, ಕುಪ್ಪಳಿಸುತ್ತಾ ಈಜುವ ಜೀವಿಗಳು. ಕೆಲವೇ ದಿನಗಳಲ್ಲಿ ಬಹುಸಂಖ್ಯೆಯಲ್ಲಿ ವೃದ್ಧಿಯಾಗುತ್ತವೆ. ನಿತ್ಯವೂ ಬೇಕಾದಷ್ಟನ್ನು ಶೋಧಿಸಿಕೊಂಡು, ಮೂರನೆಯ ಒಂದು ಪಾಲನ್ನು ಬೀಜಕ್ಕಾಗಿ ಬಿಡತಕ್ಕದ್ದು. ಪೀಪಾಯಿಗಳಿಗೆ ತೆಳುಬಟ್ಟೆಯನ್ನು ಕಟ್ಟದಿದ್ದರೆ ಸೊಳ್ಳೆಗಳು ಮೊಟ್ಟೆಯಿಟ್ಟು ಊರಿಗೆ ಜ್ವರವನ್ನು ತರುವುವೆಂಬುದನ್ನು ಮರೆಯಬಾರದು. ಗೊಬ್ಬರದ ಗುಂಡಿಯ ಪಕ್ಕದ ಎರೆಹುಳುಗಳೂ ಉತ್ತಮ ಆಹಾರವು. ಕಪ್ಪೆಗಳನ್ನು ಹಿಡಿದು ಹಾಕುವ ಪದ್ಧತಿಯು ಸಲ್ಲದು. ಅವು ಬೆಳೆಯ ಕೀಟಗಳನ್ನು ತಿಂದು ಒಕ್ಕಲಿಗನಿಗೆ ಉಪಕಾರ ಮಾಡುವ ಪ್ರಾಣಿಗಳು.

ರೂಢಿ ಮಾಡಿಸುವ ಇಪ್ಪತ್ತು ದಿನಗಳು

ಮೊದಲನೆಯ ನಾಲ್ಕು ದಿನ ನೀರುಚಿಗಟಗಳನ್ನು ಮಾತ್ರ ಕೊಡಬೇಕು. ಪ್ರತಿದಿನವೂ ಅದೇ ಮೂಲೆ, ಅದೇ ವೇಳೆ. ಹಾಕುವ ಮುಂಚೆ ತೊಟ್ಟಿಯ ಅಂಚನ್ನು ಮೆಲ್ಲಗೆ ತಟ್ಟತಕ್ಕದ್ದು. ಕರೆದ ಕೂಡಲೇ ಬರುವ ದನದಂತೆ ಮರಿಗಳು ಆ ಸದ್ದಿಗೆ ಮೂಲೆಗೆ ಬಂದು ಸೇರುತ್ತವೆ.

ಐದನೆಯ ದಿನದಿಂದ ಎಂಟನೆಯ ದಿನದವರೆಗೆ, ಸಣ್ಣಗೆ ಕೊಚ್ಚಿ ತೊಳೆದ ಎರೆಹುಳುವನ್ನು ಮೊದಲು ಹಾಕಿ, ನೀರುಚಿಗಟವನ್ನು ಆಮೇಲೆ ಹಾಕಬೇಕು. ಕಡ್ಡಿಯಿಂದ ನೀರನ್ನು ತುಸು ಕದಡಿದರೆ ಚೂರುಗಳು ಜೀವವಿದ್ದಂತೆ ಓಲಾಡುತ್ತವೆ. ಮರಿಗಳು ಮೋಸಹೋಗಿ ಹಿಡಿಯುತ್ತವೆ. ಈ ಒಂದು ಮೋಸದಲ್ಲಿಯೇ ಸಾಕಣೆಯ ಗುಟ್ಟೆಲ್ಲವೂ ಇದೆ.

ಒಂಬತ್ತನೆಯ ದಿನದಿಂದ ಮುದ್ದೆಯ ಆಹಾರವನ್ನು ಆರಂಭಿಸಬೇಕು. ಬೇಯಿಸಿ ಮುಳ್ಳು ತೆಗೆದು ಅರೆದ ಅಗ್ಗದ ಮೀನಿನ ಮಾಂಸ ಮೂರು ಪಾಲು, ಆಹಾರದ ಪುಡಿ ಒಂದು ಪಾಲು ಸೇರಿಸಿ ನಾಲ್ಕು ದಿನ. ಸಮಪಾಲು ಮಾಡಿ ನಾಲ್ಕು ದಿನ. ಮಾಂಸ ಒಂದು ಪಾಲು, ಪುಡಿ ಮೂರು ಪಾಲು ಮಾಡಿ ನಾಲ್ಕು ದಿನ. ಹೀಗೆ ಇಪ್ಪತ್ತು ದಿನಗಳಲ್ಲಿ ಮರಿಗಳು ಪುಡಿಯ ಆಹಾರಕ್ಕೆ ಹೊಂದಿಕೊಳ್ಳುತ್ತವೆ. ತರುವಾಯ ಪೇಟೆಯಲ್ಲಿ ದೊರೆಯುವ, ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ಸಸಾರಜನಕವುಳ್ಳ ತೇಲುವ ಗುಳಿಗೆಗಳನ್ನು ಕೊಡಬಹುದು. ಯಾವುದೇ ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ಆಹಾರ ಉಳಿದರೆ ಹಿಂದಿನ ಹಂತಕ್ಕೆ ಮರಳತಕ್ಕದ್ದು. ಹಸಿದರೆ ತಾನಾಗಿಯೇ ತಿಂದೀತೆಂದು ಉಪವಾಸ ಕೆಡವುವವರು ಮರಿಗಳನ್ನು ಒಂದಕ್ಕೊಂದು ಉಣಿಸಿದಂತೆ ಆಗುತ್ತದೆ.

ಆಹಾರದ ಪುಡಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಉಪ್ಪುಹಾಕದ ಒಣಮೀನಿನ ಪುಡಿ ನಾಲ್ಕು ಪಾಲು, ಶೇಂಗಾ ಹಿಂಡಿ ಮೂರು ಪಾಲು, ಅಕ್ಕಿತೌಡು ಎರಡು ಪಾಲು, ಗೋಧಿಹಿಟ್ಟು ಒಂದು ಪಾಲು. ಹಿಟ್ಟನ್ನು ಅಂಬಲಿ ಕಾಯಿಸಿ ಕಲಸಿದರೆ ಮುದ್ದೆಯು ನೀರಿನಲ್ಲಿ ಬೇಗ ಒಡೆಯುವುದಿಲ್ಲ. ಬೂಸಲು ಹಿಡಿದ ಹಿಂಡಿಯು ವಿಷಸಮಾನವು. ದನಕ್ಕೂ ಹಾಕಬಾರದು, ಮೀನಿಗೂ ಹಾಕಬಾರದು. ಕೋಳಿಯ ಕರುಳನ್ನು ಹಸಿಯಾಗಿ ಎಸೆಯುವುದರಿಂದ ನೀರು ನಾರಿ ರೋಗವು ಹುಟ್ಟುತ್ತದೆ.

ಅಳತೆ ಮತ್ತು ವಿಂಗಡಣೆ

ಎರಡು ಗ್ರಾಂ ತೂಕದ ಐನೂರು ಮರಿಗಳ ಒಟ್ಟು ತೂಕ ಒಂದು ಕಿಲೋಗ್ರಾಂ. ಈ ವಯಸ್ಸಿನಲ್ಲಿ ದಿನಕ್ಕೆ ಮೈತೂಕದ ನೂರಕ್ಕೆ ಹತ್ತರಂತೆ, ಅಂದರೆ 100 ಗ್ರಾಂ ಆಹಾರವನ್ನು ನಾಲ್ಕು ಸಲ ಹಂಚಿ ಕೊಡಬೇಕು. ಮುಸ್ಸಂಜೆಯ ಪಾಲು ದೊಡ್ಡದಿರಲಿ. ಮರಿಗಳು ಬೆಳೆದಂತೆ ನೂರಕ್ಕೆ ಐದಕ್ಕೂ, ದೊಡ್ಡವಾದ ಮೇಲೆ ಮೂರಕ್ಕೂ ಇಳಿಸಬಹುದು. ವಾರಕ್ಕೊಮ್ಮೆ ಇಪ್ಪತ್ತು ಮೀನುಗಳನ್ನು ತೂಗಿ ಲೆಕ್ಕವನ್ನು ಸರಿಪಡಿಸತಕ್ಕದ್ದು. ಅರ್ಧ ಗಂಟೆಯಲ್ಲಿ ತಿನ್ನದೆ ಬಿಟ್ಟದ್ದನ್ನು ಬಲೆಯಿಂದ ತೆಗೆದುಹಾಕಬೇಕು.

ತೂಗುವ ದಿನವೇ ಮರಿಗಳನ್ನು ಸಣ್ಣವು, ನಡುತರದವು, ದೊಡ್ಡವು ಎಂದು ಬೇರ್ಪಡಿಸಿ ಬೇರೆ ಬೇರೆ ತೊಟ್ಟಿಗಳಲ್ಲಿಡಬೇಕು. ಆಹಾರವನ್ನು ಎಷ್ಟು ಚೆನ್ನಾಗಿ ಕೊಟ್ಟರೂ ವಿಂಗಡಣೆಯನ್ನು ಬಿಟ್ಟವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ನೀರು ಮತ್ತು ರೋಗ

ಗಾಳಿಯನ್ನು ನುಂಗಿ ಬದುಕುವ ಮೀನಾದುದರಿಂದ ಕೆಟ್ಟ ನೀರಿನಲ್ಲಿಯೂ ಕೂಡಲೇ ಸಾಯುವುದಿಲ್ಲ. ಇದರಿಂದಲೇ ಯಜಮಾನರು ಮೋಸಹೋಗುತ್ತಾರೆ. ನೀರು ಕೆಟ್ಟುದರ ಮೊದಲನೆಯ ಲಕ್ಷಣವೆಂದರೆ ಮೀನು ಆಹಾರವನ್ನು ಬಿಡುವುದು. ಆಗ ಆಹಾರವನ್ನು ಬದಲಿಸುವುದಕ್ಕೆ ಮುಂಚೆ ನೀರನ್ನು ಬದಲಿಸಿ ನೋಡತಕ್ಕದ್ದು. ದಿನವೂ ತಳದ ಕಸವನ್ನು ನಳಿಗೆಯಿಂದ ಹೀರಿ ತೆಗೆದು, ಮೂರನೆಯ ಒಂದು ಪಾಲು ನೀರನ್ನು ಹೊಸದಾಗಿ ತುಂಬಬೇಕು. ತೆಗೆದ ನೀರು ಬದನೆ, ಮೆಣಸಿನ ಗಿಡಗಳಿಗೆ ಒಳ್ಳೆಯ ಗೊಬ್ಬರವಾಗುತ್ತದೆ.

ಚಳಿಗಾಲದಲ್ಲಿ ಮೈಮೇಲೆ ಕೆಂಪು ಹುಣ್ಣುಗಳೇಳುವ ವ್ರಣರೋಗವು ಈ ಜಾತಿಯನ್ನು ವಿಶೇಷವಾಗಿ ಹಿಡಿಯುತ್ತದೆ. 1988ರಲ್ಲಿ ಭಾರತವನ್ನು ಹೊಕ್ಕ ಈ ರೋಗಕ್ಕೆ ಒಂದು ಬಗೆಯ ಬೂಸಲೇ ಕಾರಣವು. ಆ ದಿನಗಳಲ್ಲಿ ಹೊರಗಿನ ಕೆರೆಯ ನೀರನ್ನಾಗಲಿ ಹಸಿಮೀನನ್ನಾಗಲಿ ತೊಟ್ಟಿಗೆ ಸೇರಿಸಬಾರದು. ಹುಣ್ಣು ಕಂಡೊಡನೆ ರೋಗದ ಮೀನುಗಳನ್ನು ಬೇರೆ ಮಾಡಿ ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಬೇಕು. ಭುವನೇಶ್ವರದ ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆಯವರು ಇದಕ್ಕಾಗಿ ಸಿಫಾಕ್ಸ್ ಎಂಬ ಔಷಧಿಯನ್ನು ಕಂಡುಹಿಡಿದಿದ್ದಾರೆ.

ಗ್ರಾಮದ ಮುಖಂಡರ ಕರ್ತವ್ಯ

ಮಳೆಗಾಲದಲ್ಲಿ ಕೊರವದ ಗಂಡುಹೆಣ್ಣುಗಳು ಕೆರೆಯಂಚಿನ ಜೊಂಡಿನಲ್ಲಿ ಮೊಟ್ಟೆಯಿಟ್ಟು ಕಾಯುತ್ತವೆ. ಕೆಂಪು ಮರಿಗಳು ಒಂದೇ ಗುಂಪಾಗಿ ತಿರುಗುವಾಗಲೂ ತಾಯಿತಂದೆಗಳು ಅಡಿಯಲ್ಲಿಯೇ ಇರುತ್ತವೆ. ಆಗ ಹಿರಿಯ ಮೀನುಗಳನ್ನು ಹಿಡಿದರೆ ಮರಿಗಳನ್ನು ಕಾಯುವವರಿಲ್ಲದೆ ಇಡೀ ಗುಂಪೇ ಹಾಳಾಗುತ್ತದೆ. ಗುಂಪನ್ನೇ ಬಾಚಿ ತಂದು ತೊಟ್ಟಿಯಲ್ಲಿಟ್ಟು ಹಸಿವೆಯಿಂದ ಕೊಂದರೆ ಕೆರೆಯೂ ಬರಿದು, ತೊಟ್ಟಿಯೂ ಬರಿದು. ಸುರಪುರದ ಅರಸರ ಕಾಲದ ಬೋನಾಳದ ಕೆರೆಯು ಇಂದು ಪಕ್ಷಿಧಾಮವಾಗಿದೆ. ಅಲ್ಲಿಯ ಮೀನಿನ ಮರಿಗಳು ಹಕ್ಕಿಗಳ ಪಾಲು. ಆದುದರಿಂದ ಮರಿಗಳನ್ನು ಮರಿ ಉತ್ಪಾದನಾ ಕೇಂದ್ರಗಳಿಂದಲೇ ತರಿಸಬೇಕೆಂದು ಮುಖಂಡರು ಊರಿನವರಿಗೆ ತಿಳಿಯಹೇಳಬೇಕು. ಬೇಗ ಬೆಳೆಯುವುದೆಂದು ನಂಬಿಸಿ ನಿಷೇಧಿತವಾದ ಆಫ್ರಿಕದ ಕ್ಯಾಟ್‌ಫಿಶ್ ಮರಿಗಳನ್ನು ಮಾರುವವರು ಬಂದರೆ ಕೊಳ್ಳಬಾರದು. ಅದು ಪ್ರವಾಹದಲ್ಲಿ ತಪ್ಪಿಸಿಕೊಂಡರೆ ನಾಡಮೀನುಗಳನ್ನೆಲ್ಲಾ ತಿಂದುಹಾಕುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಮೀನು ಬಿಡುವವರು ಸುತ್ತಲೂ ಬೇಲಿ ಹಾಕಿಸಿ, ಒಳಗೆ ಹಗ್ಗವನ್ನು ಇಳಿಬಿಡತಕ್ಕದ್ದು. ಜಾರಿದ ಮಗುವಿಗೆ ಆ ದಡವನ್ನು ಹತ್ತಲು ಸಾಧ್ಯವಿಲ್ಲ.

ಹಸುಳೆಗೆ ಅನ್ನ ಕಲಿಸುವ ತಾಯಿಯು ಹಾಲನ್ನು ಒಂದೇ ದಿನ ಬಿಡಿಸುವುದಿಲ್ಲ. ಅಷ್ಟೇ ತಾಳ್ಮೆಯಿಂದ ಇಪ್ಪತ್ತು ದಿನ ದುಡಿಯಲು ಮನೆಯಲ್ಲಿ ಒಬ್ಬರು ಇದ್ದರೆ ಮಾತ್ರ ಈ ಸಾಕಣೆಯನ್ನು ಕೈಕೊಳ್ಳತಕ್ಕದ್ದು. ಇಲ್ಲವಾದರೆ ಹಿಂಡಿ ತೌಡು ತಿನ್ನುವ ಕಾಟ್ಲಾ, ರೋಹು ಮೀನುಗಳೇ ಸಾಕು.