ವಿಶೇಷ ಅಗತ್ಯದ ಮಕ್ಕಳಿಗೆ ಹಲ್ಲಿನ ಎಕ್ಸ್‌ರೇ: ಸಿದ್ಧತೆ ಮನೆಯಿಂದಲೇ ಆರಂಭವಾಗಲಿ

ಹಲ್ಲುನೋವೆಂದು ಕರೆದೊಯ್ದ ಮಗುವನ್ನು ದಂತವೈದ್ಯರು ಎಕ್ಸ್‌ರೇ ಕೋಣೆಗೆ ಕಳುಹಿಸುತ್ತಾರೆ. ಅಲ್ಲಿ ‘ವಾಯ ತುರಕ್ಕ್’ ಎಂಬ ಮಲಯಾಳದ ಮಾತು ಕೇಳುತ್ತದೆ. ಅದು ನಮ್ಮ ‘ಬಾಯಿ ತೆರೆ’ಗೆ ಹತ್ತಿರವಾದುದರಿಂದ ಕಾಸರಗೋಡಿನ ಕನ್ನಡ ಶಾಲೆಯ ಮಗುವಿಗೆ ಹೇಗೋ ಅರ್ಥವಾದೀತು. ಆದರೆ ಅದರ ಬೆನ್ನಿಗೇ ಬರುವ ‘ಅನಙ್ಙರುದ್’ ಎಂಬುದಕ್ಕೂ ನಮ್ಮ ‘ಅಲುಗಾಡಬೇಡ’ಕ್ಕೂ ಯಾವ ನಂಟೂ ಇಲ್ಲ. ಚಿತ್ರ ಸರಿಯಾಗಿ ಮೂಡಲು ಬೇಕಾದ ಮುಖ್ಯ ಸೂಚನೆಯೇ ಅದು! ಆಟಿಸಂ ಇರುವ ಮಗು ಗಾಬರಿಯಿಂದ ತಲೆ ಹೊರಳಿಸಿದರೆ ಚಿತ್ರ ಮಸುಕಾಗುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ, ವಿಕಿರಣವೂ ಇಮ್ಮಡಿಯಾಗುತ್ತದೆ.

ಎಂಡೋಸಲ್ಫಾನ್ ದುರಂತವನ್ನು ಕಂಡ ಎಣ್ಮಕಜೆಯಂತಹ ಗ್ರಾಮಗಳಿರುವ ಜಿಲ್ಲೆಯವರಾದ ನಮಗೆ ಇದು ದೂರದ ವಿಷಯವಲ್ಲ. ಯಾವ ಹಲ್ಲು ನೋಯುತ್ತಿದೆಯೆಂದು ಹೇಳಲಾರದ ಮಗುವಿಗಂತೂ ಎಕ್ಸ್‌ರೇಯೇ ನಾಲಗೆ. ಎರಡು ಹಲ್ಲುಗಳ ನಡುವಿನ ಹುಳುಕು, ಬೇರಿನ ತುದಿಯ ಕೀವು ಬರಿಗಣ್ಣಿಗೆ ಕಾಣುವುದಿಲ್ಲ.

ವಿಕಿರಣದ ಭಯ ಸಹಜವೇ. ಆದರೆ ಬಾಯೊಳಗಿನ ಒಂದು ಚಿಕ್ಕ ಡಿಜಿಟಲ್ ಚಿತ್ರದಿಂದ ತಗಲುವ ವಿಕಿರಣವು, ನೆಲ ಮತ್ತು ಆಕಾಶದಿಂದ ಒಂದು ದಿನದಲ್ಲಿ ಸಹಜವಾಗಿ ನಮ್ಮನ್ನು ತಲುಪುವಷ್ಟೇ, ಸುಮಾರಾಗಿ. ಅನಗತ್ಯ ಚಿತ್ರಗಳನ್ನೂ ಪುನರಾವರ್ತನೆಯನ್ನೂ ತಪ್ಪಿಸುವುದೇ ನಿಜವಾದ ಎಚ್ಚರಿಕೆ. ಹಳೆಯ ಚಿತ್ರಗಳಿದ್ದರೆ ಜೊತೆಗೊಯ್ಯಿರಿ. ಇಂದೇ ತೆಗೆಯಬೇಕೇ ಎಂದು ಕೇಳಲು ಹಿಂಜರಿಯಬೇಡಿ.

ಮಕ್ಕಳ ದಂತಚಿಕಿತ್ಸೆಯಲ್ಲಿ ‘ಹೇಳು, ತೋರಿಸು, ಮಾಡು’ ಎಂಬ ಕ್ರಮವೊಂದಿದೆ. 1959ರಲ್ಲಿ ಅಡೆಲ್‌ಸ್ಟನ್ ಎಂಬವರು ಅದನ್ನು ವಿವರಿಸಿದರು. ನಾವು ಶಿಕ್ಷಕರು ಅಕ್ಷರ ತಿದ್ದಿಸುವುದೂ ಹೆಚ್ಚುಕಡಿಮೆ ಹೀಗೆಯೇ. ಒಂದು ವಾರ ಮೊದಲೇ ಕನ್ನಡದಲ್ಲಿಯೋ ತುಳುವಿನಲ್ಲಿಯೋ, ಮನೆಮಾತು ಯಾವುದೋ ಅದರಲ್ಲಿ, ಹೇಳತೊಡಗಿ. ಚಿಕ್ಕ ಚಮಚವನ್ನು ನಿಮ್ಮ ಬಾಯಲ್ಲಿ ಇಟ್ಟು ತೋರಿಸಿ, ಬಳಿಕ ಮಗುವಿನ ಬಾಯಲ್ಲಿ ಹಿಡಿದು ಐದರವರೆಗೆ ಎಣಿಸಿ. ಮಡಚಿದ ಕಂಬಳಿಯನ್ನು ಎದೆಯ ಮೇಲಿಟ್ಟು ಅಭ್ಯಾಸ ಮಾಡಿಸಿದರೆ ಸೀಸದ ಏಪ್ರನ್ನಿನ ಭಾರ ಹೊಸತೆನಿಸದು. ಕೆಲವು ಆಟಿಸಂ ಮಕ್ಕಳಿಗೆ ಆ ಭಾರವೇ ಸಮಾಧಾನ ನೀಡುತ್ತದೆ.

ಚಿಕಿತ್ಸಾಲಯದಲ್ಲಿ ಮಕ್ಕಳ ಅಳತೆಯ ಫಿಲ್ಮ್ ಇದೆಯೇ ಎಂದು ವಿಚಾರಿಸಿ. ತಂತಿಯುಳ್ಳ ಸೆನ್ಸರ್ ದಪ್ಪ ಮತ್ತು ಗಡುಸು. ಫಾಸ್ಫರ್ ಹಾಳೆ ತೆಳ್ಳಗಿದ್ದು ಕೊಂಚ ಬಾಗುತ್ತದೆ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ನಾಲಗೆಗೆ ಬಾಯೊಳಗೆ ಸ್ಥಳ ಸಾಲದೆ ವಾಕರಿಕೆ ಬರುವುದುಂಟು. ಮುಂಭಾಗದ ಹಲ್ಲುಗಳಿಂದ ಆರಂಭಿಸುವುದು, ಮೂಗಿನಲ್ಲಿ ಉಸಿರಾಡಿಸುವುದು, ನಾಲಗೆಯ ತುದಿಗೆ ಚಿಟಿಕೆ ಉಪ್ಪು ಹಾಕುವುದು ಕೆಲವರಿಗೆ ನೆರವಾಗುತ್ತದೆ. ಬಾಯೊಳಗೆ ಫಿಲ್ಮ್ ಇಡದೆ ತಲೆಯ ಸುತ್ತ ತಿರುಗಿ ಚಿತ್ರ ತೆಗೆಯುವ ಓ.ಪಿ.ಜಿ. ಯಂತ್ರವೂ ಇದೆ; ಆದರೆ ಸುಮಾರು 15 ಸೆಕೆಂಡು ಕದಲದೆ ಇರಬೇಕು. ಸೆರೆಬ್ರಲ್ ಪಾಲ್ಸಿಯಿಂದ ತಾನಾಗಿ ಕೈ-ಕತ್ತು ಸೆಳೆಯುವ ಮಗುವಿಗೆ ಅದು ಕಷ್ಟ. ಅಂಥವರಿಗೆ ಗಾಲಿಕುರ್ಚಿಯಲ್ಲೇ ತಲೆಗೆ ಆಸರೆ ಕೊಟ್ಟು, ಕ್ಷಣಾರ್ಧದಲ್ಲಿ ಮುಗಿಯುವ ಚಿಕ್ಕ ಚಿತ್ರವೇ ಲೇಸು.

ಮಗುವನ್ನು ಹಿಡಿದುಕೊಳ್ಳಲೇಬೇಕಾದರೆ ಆ ಕೆಲಸ ಸಿಬ್ಬಂದಿಯದಲ್ಲ. ದಿನವೂ ಅಲ್ಲೇ ದುಡಿಯುವ ಅವರಿಗೆ ವಿಕಿರಣ ಕೂಡುತ್ತಾ ಹೋಗುತ್ತದೆ. ಸೀಸದ ಏಪ್ರನ್ ಧರಿಸಿ ಹೆತ್ತವರಲ್ಲೊಬ್ಬರು ಹಿಡಿಯಬಹುದು, ಗರ್ಭಿಣಿಯರ ಹೊರತು. ಹಿಡಿಯುವ ಅಗತ್ಯವಿಲ್ಲದಾಗಲೂ ‘ಸೂಚನೆಯನ್ನು ನಾವೇ ನಮ್ಮ ಭಾಷೆಯಲ್ಲಿ ಹೇಳುತ್ತೇವೆ’ ಎಂದು ಕೇಳಿಕೊಳ್ಳಿ. ಮರೆಯ ಹಿಂದೆ ನಿಂತು ‘ಅಲುಗಾಡಬೇಡ ಮಗಾ, ಒಂದು, ಎರಡು...’ ಎಂದು, ಮನೆಯಲ್ಲಿ ಎಣಿಸಿದ ಅದೇ ದನಿಯಲ್ಲಿ ಎಣಿಸಿ.