ಶಾಲೆಯ ಗಾಳಿಯಂತ್ರ: ಕರೆಂಟಿಗಲ್ಲ, ಪಾಠಕ್ಕೆ

‘ಶಾಲೆ ಮೇಲೊಂದು ಗಾಳಿಯಂತ್ರ ಹಾಕಿಸಿಬಿಟ್ರೆ ಕರೆಂಟ್ ಬಿಲ್ ಉಳಿಯುತ್ತಲ್ವಾ ಸ್ವಾಮಿ?’ ಹೊಸೂರು, ಡೆಂಕಣಿಕೋಟೆ, ತಳಿ ಕಡೆ ಶಾಲೆಗೆ ಏನಾದರೂ ಕೊಡಬೇಕು ಎನ್ನುವ ದಾನಿಗಳು ಕೇಳಬಹುದಾದ ಮೊದಲ ಪ್ರಶ್ನೆ ಇದು. ಉಳಿಯುವುದಿಲ್ಲ. ಅಂಥ ಗಾಳಿ ಇರುವುದು ಮುಪ್ಪಂದಲ್‌ನಲ್ಲಿ, ಚಿತ್ರದುರ್ಗದ ಗುಡ್ಡಗಳ ಮೇಲೆ. ಹೊಸೂರು ಸುಮಾರು 3 ಸಾವಿರ ಅಡಿ ಎತ್ತರದಲ್ಲಿದ್ದರೂ ಆಷಾಢ, ಅಂದರೆ ತಮಿಳರ ಆಡಿ, ಕಳೆದ ಮೇಲೆ ಇಲ್ಲಿನ ಗಾಳಿ ಸಪ್ಪೆ.

ಲೆಕ್ಕ ಹಾಕಿ ನೋಡೋಣ. 2 ಮೀಟರ್ ಅಗಲಕ್ಕೆ ತಿರುಗುವ ಯಂತ್ರ. ಗಾಳಿ ಸೆಕೆಂಡಿಗೆ 3 ಮೀಟರ್ ಬೀಸಿದರೆ ಅದರೊಳಗೆ ಹಾದು ಹೋಗುವ ಶಕ್ತಿ ಸುಮಾರು 45 ವಾಟ್. ಕಾಲು ಭಾಗ ದಕ್ಕಿದರೆ 11 ವಾಟ್, ಒಂದು ಎಲ್‌ಇಡಿ ಬಲ್ಬು! ಅದೇ ಗಾಳಿ 6 ಮೀಟರಿಗೆ ಏರಿದರೆ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು. ಈ ‘ಎಂಟು ಪಟ್ಟು’ ಇದೆಯಲ್ಲ, ನನ್ನ ಮಟ್ಟಿಗೆ ಶಾಲೆಗೆ ಬೇಕಾದದ್ದು ಅದು. ಕಪ್ಪುಹಲಗೆ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಗಳದಲ್ಲಿ ತಾವೇ ಅಳೆದರೆ ನಂಬುತ್ತಾರೆ.

ಇದು ಹೊಸದೇನೂ ಅಲ್ಲ. ಡೆನ್ಮಾರ್ಕಿನ ಆಸ್ಕೊವ್ ಎಂಬ ಹಳ್ಳಿಯ ಶಾಲೆಯಲ್ಲಿ ಪೌಲ್ ಲಾ ಕೂರ್ ಎಂಬ ಮೇಷ್ಟ್ರು 1891ರಲ್ಲೇ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತೆಗೆದರು. 1904ರಲ್ಲಿ ಹಳ್ಳಿ ಹುಡುಗರಿಗೆ ಅದರ ತರಬೇತಿ ಶುರು ಮಾಡಿದರು. ಅಲ್ಲಿ ಕಲಿತ ಯೊಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್‌ನಲ್ಲಿ ಕಟ್ಟಿದ 200 ಕಿಲೋವಾಟ್ ಯಂತ್ರಕ್ಕೆ ಮೂರು ರೆಕ್ಕೆ. ಇಂದು ಎಲ್ಲೆಡೆ ಕಾಣುವುದೂ ಮೂರೇ. ಪಕ್ಕದ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಹಾಯಿಬಟ್ಟೆ ಕಟ್ಟಿ ನೀರೆತ್ತುವ ಅಗ್ಗದ ಗಾಳಿಯಂತ್ರದ ಬಗ್ಗೆ 1979ರಲ್ಲಿ ಬರೆದಿದ್ದರು.

ಸಾಮಾನು ಗುಜರಿ ಅಂಗಡಿಯಲ್ಲೇ ಸಿಗುತ್ತದೆ. ಪಿವಿಸಿ ಪೈಪ್ ಸೀಳಿದರೆ ರೆಕ್ಕೆ. ಸೈಕಲ್ ಡೈನಮೋ ಬಿಗಿ, ನಮ್ಮ ಗಾಳಿಗೆ ಅಲ್ಲಾಡುವುದು ಕಷ್ಟ. ಹಳೇ ಪ್ರಿಂಟರಿನ ಸಣ್ಣ ಮೋಟಾರೇ ವಾಸಿ, ತಿರುಗಿಸಿದರೆ ಕರೆಂಟ್ ಕೊಡುತ್ತದೆ. ಒಂದು ಬಲ್ಬು ಜೋಡಿಸಿ, ಬೆಳಿಗ್ಗೆ ಸಂಜೆ ಗಾಳಿಯ ವೇಗ, ವೋಲ್ಟು, ಆಂಪಿಯರು ಮೂರನ್ನೂ ಬರೆದಿಡಬೇಕು. ರೆಕ್ಕೆ ಮಾತ್ರ ಮಕ್ಕಳ ಕೈಗೆ ಎಟುಕದಷ್ಟು ಮೇಲಿರಲಿ.

ಊರಿನ ಹಿರಿಯರನ್ನೂ ಒಂದು ದಿನ ಶಾಲೆಗೆ ಕರೆಸಿ. ಕಣದಲ್ಲಿ ಮೊರ ಎತ್ತಿ ರಾಗಿ ತೂರಿದವರಿಗೆ ಹೊಟ್ಟು ಎಷ್ಟು ದೂರ ಬೀಳುತ್ತೆ ಅನ್ನೋದೇ ಗಾಳಿಯ ಅಳತೆ. 2006ರ ತಮಿಳು ಕಲಿಕೆ ಕಾಯಿದೆ ಬಂದಮೇಲೆ ಕನ್ನಡದ ಮನೆಯ ಮಕ್ಕಳೂ ತಮಿಳು ಓದುತ್ತಿದ್ದಾರೆ. ಮನೆಯಲ್ಲಿ ಗಾಳಿಯಂತ್ರ, ಶಾಲೆಯಲ್ಲಿ ಕಾಟ್ರಾಲೈ. ಅಪ್ಪನಿಗೆ ಪುಸ್ತಕದ ಪಾಠ ಅರ್ಥವಾಗದಿದ್ದರೂ ಅಂಗಳದ ಯಂತ್ರ ಅರ್ಥವಾದೀತು.

ಆದ್ದರಿಂದ ದಾನಿಗಳಿಗೆ ನನ್ನ ಮನವಿ: ದೀಪಕ್ಕೆ ಬೇಕಿದ್ದರೆ ಸೋಲಾರ್ ಹಾಕಿಸಿ, ಪಾಠಕ್ಕೆ ಗಾಳಿಯ ವೇಗ ಅಳೆಯುವ ಮೀಟರು, ಮಲ್ಟಿಮೀಟರು ಕೊಡಿಸಿ. ಕಂಬವನ್ನು ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ನೆಡಬೇಕು. ಆಡಿ ಗಾಳಿ ತಪ್ಪಿಸಿಕೊಂಡರೆ ಬರೆಯುವುದಕ್ಕೆ ಮತ್ತೆ ಒಂದು ವರ್ಷ ಕಾಯಬೇಕಾದೀತು.